ಬೆನ್ನ ಹಿಂದಿನ ಬಿಸಿ

ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ಸುತ್ತುವ ವಾಂಕೆಲ್ ರೋಟರಿ ಎಂಜಿನ್ ಸೋತದ್ದು ಅದರ ಪೆಟ್ರೋಲ್ ದಾಹದಿಂದ ಎಂಬುದು ವಾಡಿಕೆಯ ಮಾತು. 1973ರ ತೈಲ ಬಿಕ್ಕಟ್ಟನ್ನು ನೆನೆದರೆ ಅದು ಸುಳ್ಳಲ್ಲ. ಆದರೆ ಸ್ಪೋರ್ಟ್ಸ್ ಕಾರಿನ ನಡುಭಾಗದಲ್ಲಿ ಈ ಎಂಜಿನ್ನನ್ನು ಕೂರಿಸಹೊರಟವರಿಗೆ ಶಾಖವೂ ಅಷ್ಟೇ ದೊಡ್ಡ ತೊಡಕಾಗಿತ್ತು ಎಂಬುದು ನನ್ನ ವಾದ. ಪಿಸ್ಟನ್ ಎಂಜಿನ್ನಿನಲ್ಲಿ ಉರಿ ಹೊತ್ತಿದ ಜಾಗಕ್ಕೇ ಮುಂದಿನ ಸರದಿಯಲ್ಲಿ ತಣ್ಣನೆಯ ಗಾಳಿ ಬರುತ್ತದೆ. ರೋಟರಿಯಲ್ಲಿ ಹಾಗಿಲ್ಲ: ರೋಟರನ್ನು ಸುತ್ತುವರಿದ ಹೌಸಿಂಗಿನ ಒಂದು ಮಗ್ಗುಲು ಸದಾ ಕಾಯುತ್ತಿರುತ್ತದೆ, ಇನ್ನೊಂದು ಸದಾ ತಂಪು. ಸ್ಪಾರ್ಕ್ ಪ್ಲಗ್ಗಿನ ಸುತ್ತ ಲೋಹ ಬಿರುಕು ಬಿಡುವುದು ಇದರಿಂದಲೇ. ರೋಟರನ್ನು ಒಳಗಿನಿಂದ ತಣಿಸುವುದು ಆಯಿಲ್. ಹಾಗಾಗಿ ರೇಡಿಯೇಟರ್ ಜತೆಗೆ ದೊಡ್ಡ ಆಯಿಲ್ ಕೂಲರೂ ಬೇಕು. ಎಂಜಿನ್ ಸೀಟಿನ ಹಿಂದಿದ್ದರೆ ಎದುರುಗಾಳಿ ನೇರವಾಗಿ ಸಿಗದು. ಅದರ ಮೇಲೆ, ಎಕ್ಸಾಸ್ಟ್ ಬಲದಿಂದ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಕೂರಿಸಿದರೆ, ಮೊದಲೇ ಕಡುಬಿಸಿಯಾದ ಎಕ್ಸಾಸ್ಟ್ ಆ ಇಕ್ಕಟ್ಟಿನಲ್ಲೇ ಕೆಂಪಗೆ ಕಾಯುತ್ತದೆ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರೂ ಎದುರುಗಾಳಿಯಲ್ಲಿ ಪಾಲು ಕೇಳುತ್ತದೆ.

1991ರಲ್ಲಿ ನಡುಭಾಗದಲ್ಲೇ ರೋಟರಿ ಹೊತ್ತ ಮಜ್ದಾ 787ಬಿ ಲ ಮಾನ್ಸ್‌ನ 24 ಗಂಟೆಗಳ ಓಟವನ್ನೇ ಗೆದ್ದಿತಲ್ಲ ಎಂದು ಯಾರಾದರೂ ಕೇಳಬಹುದು. ಗೆದ್ದಿತು, ಎಂಥ ಗೆಲುವು! ಆದರೆ ಅದರ ನಾಲ್ಕು ರೋಟರಿನ ಎಂಜಿನ್ನಿಗೆ ಟರ್ಬೊ ಇರಲಿಲ್ಲ. ಹಾಗೆಯೇ ನಡುಭಾಗದಲ್ಲಿ ಎಂಜಿನ್ ಇದ್ದ ಮರ್ಸಿಡಿಸ್‌ನ ಪ್ರಯೋಗದ ಕಾರು ಸಿ111ರ ರೋಟರಿಗಳಿಗೂ ಇರಲಿಲ್ಲ. ಮಜ್ದಾ 1982ರಲ್ಲಿ ಟರ್ಬೊ ರೋಟರಿಯನ್ನು ರಸ್ತೆಗಿಳಿಸಿದ್ದು ಕಾಸ್ಮೊ ಕಾರಿನಲ್ಲಿ, ಆಮೇಲೆ ಆರ್‌ಎಕ್ಸ್-7ರಲ್ಲಿ. ಎರಡರಲ್ಲೂ ಎಂಜಿನ್ ಮುಂದೆ, ರೇಡಿಯೇಟರ್ ಅದರೆದುರಿಗೇ. ಅಷ್ಟಾದರೂ 1990ರ ದಶಕದ ಆರ್‌ಎಕ್ಸ್-7ರ ಬಾನೆಟ್ ಕೆಳಗಿನ ಬಿಸಿ ಕುಖ್ಯಾತವಾಯಿತು. ಸಿ111 ಟರ್ಬೊ ಹೊತ್ತು ದಾಖಲೆ ಮುರಿದದ್ದು 1976ರಲ್ಲಿ, ರೋಟರಿಯ ಜಾಗದಲ್ಲಿ ಡೀಸೆಲ್ ಎಂಜಿನ್ ಕೂತ ಮೇಲೆ.