ಸೊಪ್ಪು ಹೊತ್ತವರು ಯಾರು? ಶಿರಸಿ ಸೀಮೆಯ ಬೆಟ್ಟ, ತೋಟ ಮತ್ತು ಗೊಬ್ಬರದ ಕಥೆ

ಇವತ್ತು ಗೊಬ್ಬರದ ಬಗ್ಗೆ ಮಾತಾಡೋಣ. ಹೌದು, ಗೊಬ್ಬರವೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸಾವಯವ ಕೃಷಿಯ ಸುದ್ದಿ ಬಂದಾಗಲೆಲ್ಲ "ನಮ್ಮಜ್ಜನ ಕಾಲದಲ್ಲಿ ಎಲ್ಲ ಸಾವಯವವೇ ಆಗಿತ್ತು" ಅಂತ ಒಬ್ಬರಾದರೂ ಹೇಳ್ತಾರೆ. ಮಾತು ಸುಳ್ಳಲ್ಲ. ಆದರೆ ಆ ತೋಟ ನಿಂತಿದ್ದು ಎರಡರ ಮೇಲೆ: ಒಂದು, ಪಕ್ಕದ ಸೊಪ್ಪಿನ ಬೆಟ್ಟ. ಇನ್ನೊಂದು, ಅಲ್ಲಿಂದ ಸೊಪ್ಪು ಹೊತ್ತು ತಂದ ತಲೆಗಳು. ಬೆಟ್ಟದ ಬಗ್ಗೆ ಸರ್ಕಾರಿ ಕಡತ ರಾಶಿ ಇವೆ. ಹೊತ್ತವರ ಬಗ್ಗೆ ಬರೆದಿಟ್ಟಿದ್ದು ಕಡಿಮೆ.

1801ರಲ್ಲಿ, ಟಿಪ್ಪು ಸತ್ತು ಇನ್ನೂ ಎರಡು ವರ್ಷ ತುಂಬಿರಲಿಲ್ಲ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ ಸೋಂದಾ, ಶಿರಸಿ, ಯಲ್ಲಾಪುರದ ದಾರಿಯಲ್ಲಿ ಹೋದ. ಕಂಪನಿ ಸರ್ಕಾರಕ್ಕೆ ಹೊಸ ಸೀಮೆಯ ಬೆಳೆ, ಬದುಕಿನ ವರದಿ ಬೇಕಿತ್ತು. ಇಲ್ಲಿನ ಅಡಿಕೆ, ಮೆಣಸಿನ ತೋಟಗಳ ಬಗ್ಗೆ ಅವನು ವಿವರವಾಗಿಯೇ ಬರೆದ. ಅವತ್ತಿನ ಕ್ರಮ ಇವತ್ತಿಗೂ ಹಲವು ಮನೆಗಳಲ್ಲಿ ಪೂರ್ತಿ ಬಿಟ್ಟುಹೋಗಿಲ್ಲ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಕೊಟ್ಟಿಗೆಗೆ ಬರ್ತದೆ. ದನ ತುಳಿದು, ಸಗಣಿ ಗಂಜಲ ಬೆರೆತು, ಅದು ಗೊಬ್ಬರಗುಂಡಿಗೆ ಹೋಗ್ತದೆ. ಕೊಳೆತ ಮೇಲೆ ಮರದ ಬುಡಕ್ಕೆ. ಮೇಲೊಂದು ಸೊಪ್ಪಿನ ಮುಚ್ಚಿಗೆ, ಮಲೆನಾಡಿನ ಮಳೆ ಕೊಚ್ಚಿಕೊಂಡು ಹೋಗಬಾರದಲ್ಲ! ಅಂಗಡಿಯಿಂದ ತರುವಂಥದ್ದು ಇದರಲ್ಲಿ ಒಂದೂ ಇಲ್ಲ.

ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿಗೆ ಸೇರಿತು. ಆಮೇಲೆ ಅರಣ್ಯ ಇಲಾಖೆಯ ಗಡಿಕಲ್ಲುಗಳು ಬಂದವು. ಕಾಡು ಸರ್ಕಾರದ್ದಾದರೆ ತೋಟಕ್ಕೆ ಸೊಪ್ಪು ಎಲ್ಲಿಂದ? ತೋಟಿಗರು ಅರ್ಜಿ ಹಾಕಿದರು, ಜಗಳ ಆಡಿದರು. ಕೊನೆಗೆ ಘಟ್ಟದ ಮೇಲಿನ ತಾಲೂಕುಗಳಲ್ಲಿ 1 ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಅನ್ನೋ ಲೆಕ್ಕ ನಿಂತಿತು. ಇದು ಒಡೆತನ ಅಲ್ಲ, ಸೌಲಭ್ಯ. ಸೊಪ್ಪು, ದರಕು, ಹುಲ್ಲು ನಿಮ್ಮದು, ಮರ ಸರ್ಕಾರದ್ದು.

ಆ ಲೆಕ್ಕವನ್ನ ಸ್ವಲ್ಪ ನಿಧಾನವಾಗಿ ನೋಡಿ. ಬೆಟ್ಟ ಸಿಕ್ಕಿದ್ದು ತೋಟಕ್ಕೆ. ಹಾಗಾಗಿ ತೋಟ ಇದ್ದವರಿಗೆ ಸಿಕ್ಕಿತು, ಮುಖ್ಯವಾಗಿ ಹವ್ಯಕರಿಗೆ. ಇದೇ ಸೀಮೆಯ ಕಾಡಿನಲ್ಲಿ ಕುಮರಿ ಬೇಸಾಯ ಮಾಡುವವರೂ ಇದ್ದರು. ಒಂದು ತುಂಡು ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ಬೆಳೆ ತೆಗೆದು, ಜಾಗ ಬಿಟ್ಟು ಮುಂದೆ ಹೋಗೋ ಕ್ರಮ ಅದು. ಯಲ್ಲಾಪುರದ ಕಡೆ ಕುಣಬಿಗಳ ಬದುಕು ಅದರ ಮೇಲೇ ಇತ್ತು. 1860ರಲ್ಲಿ ಮದರಾಸು ಸರ್ಕಾರ, ಅನುಮತಿ ಇಲ್ಲದೆ ಕುಮರಿ ಕೂಡದು ಅಂತ ಆಜ್ಞೆ ಮಾಡಿತು. ಕಾರಣ? ಕಾಡು ಹಾಳಾಗ್ತದೆ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಅದೂ ಪರಿಸರದ ಹೆಸರಿನಲ್ಲಿ ಬಂದ ಕೃಷಿ ಬದಲಾವಣೆಯೇ. ಮುಂಬಯಿಯವರೂ ಅದನ್ನ ಸಡಿಲ ಬಿಡಲಿಲ್ಲ. ಸರ್ಕಾರಕ್ಕೆ ಬೇಕಾಗಿದ್ದು ತೇಗ ಅನ್ನೋದನ್ನ ಮರೆಯೋ ಹಾಗಿಲ್ಲ. ಕುಮರಿ ಕಳೆದುಕೊಂಡವರು ಏನಾದರು? ಕೂಲಿಯಾದರು. ಅವರಲ್ಲಿ ಎಷ್ಟೋ ಜನ ಬೇರೆಯವರ ಬೆಟ್ಟದಲ್ಲಿ ಸೊಪ್ಪು ಕಡಿದರು ಅಂತ ನಾನು ಅಂದುಕೊಂಡಿದ್ದೇನೆ.

ತೋಟದಲ್ಲಿ ಯಾವ ಪದ್ಧತಿ ಉಳೀತದೆ ಅನ್ನೋದನ್ನ ತೀರ್ಮಾನ ಮಾಡೋದು ಆಳು. ಕೊಳೆರೋಗವನ್ನೇ ತಗೊಳ್ಳಿ. ಹಿಂದೆ ಮಳೆಗೆ ಮುಂಚೆ ಪ್ರತಿ ಮರ ಹತ್ತಿ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು, ಕೊನೆ ನೆನೆಯದ ಹಾಗೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆದು ನೋಡಿ ಎಂದ. ಕೊಟ್ಟೆಗಿಂತ ಅದರಲ್ಲಿ ಕೆಲಸ ಕಡಿಮೆ. ನಿಧಾನವಾಗಿ ಕೊಟ್ಟೆ ಹೋಯ್ತು, ಬೋರ್ಡೋ ನಿಂತಿತು. ತಮಾಷೆ ಅಂದರೆ, ಮಿತಿಯೊಳಗಿದ್ದರೆ ಸಾವಯವ ನಿಯಮಗಳೂ ಇದನ್ನ ಒಪ್ತವೆ.

ಮುಂದಿನದು ನಿಮಗೆ ಗೊತ್ತಿರೋ ಕಥೆ. ಸ್ವಾತಂತ್ರ್ಯ ಬಂದ ಮೇಲೂ ಮಿಶ್ರ ಕಾಡು ಕಡಿದು ತೇಗ ನೆಡೋದು ನಡೆದೇ ಇತ್ತು. ನೀರು ಬತ್ತುತ್ತಿದೆ, ಸೊಪ್ಪು ಸಿಗ್ತಿಲ್ಲ ಅಂತ ಊರವರ ದೂರು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ ಮರ ಅಪ್ಪಿ ನಿಂತರು. ಅದೇ ಅಪ್ಪಿಕೋ. ಇದನ್ನ ಬರೀ ಕಾಡಿನ ಪ್ರೀತಿ ಅಂತ ಹೇಳಿದರೆ ಅರ್ಧ ಹೇಳಿದ ಹಾಗೆ. ತೋಟದ ಗೊಬ್ಬರದ ಪ್ರಶ್ನೆಯೂ ಅದರೊಳಗಿತ್ತು.

ಹೆಚ್ಚು ಸದ್ದಿಲ್ಲದೆ ಗೆದ್ದದ್ದು ಗೋಬರ್ ಗ್ಯಾಸ್. ದೇಶದ ಎಷ್ಟೋ ಕಡೆ ಸಬ್ಸಿಡಿಗೆ ಕಟ್ಟಿಸಿದ ಗುಂಡಿಗಳು ಹಾಳುಬಿದ್ದವು, ಶಿರಸಿಯಲ್ಲಿ ಮಾತ್ರ ಓಡಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬಂದು ಅಧ್ಯಯನ ಮಾಡಿ, 2001ರಲ್ಲಿ ಇದನ್ನ ಯಶಸ್ಸಿನ ಕಥೆ ಅಂತಲೇ ಬರೆದರು. ನನಗೆ ಕಾಣುವ ಕಾರಣ ಸರಳ. ಸಗಣಿ ಗ್ಯಾಸ್ ಕೊಟ್ಟ ಮೇಲೂ ಸ್ಲರಿಯಾಗಿ ಗೊಬ್ಬರಗುಂಡಿಗೆ ಬರ್ತದೆ, ತೋಟಕ್ಕೆ ಏನೂ ನಷ್ಟ ಇಲ್ಲ. ಅಡುಗೆಮನೆಯ ಹೊಗೆ ಹೋಯ್ತು, ಕಟ್ಟಿಗೆ ಹೊರೋದು ಕಡಿಮೆಯಾಯ್ತು. ಹೆಂಗಸರು ಇದನ್ನ ಬಿಟ್ಟುಕೊಡೋದುಂಟೆ?

ಆದರೆ 2 ಘನ ಮೀಟರ್ ಗುಂಡಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು. ಕೊಟ್ಟಿಗೆಯಲ್ಲಿ ನಾಲ್ಕೈದು ದನ ಇಲ್ಲದ ಮನೆಗೆ ಈ ಗೆಲುವು ತಲುಪಲಿಲ್ಲ. ತೋಟದ ಕೂಲಿಗೆ ಬರೋ ಹೆಂಗಸು ಸಂಜೆ ತನ್ನ ಮನೆಗೆ ಕಟ್ಟಿಗೆ ಹೊತ್ತೇ ಹೋಗುತ್ತಿದ್ದಳು.

ಈಗ ಆಟ ತಿರುಗಿದೆ. ಕೂಲಿಯವರ ಮಕ್ಕಳು ಶಾಲೆ ಕಲಿತರು, ಹುಬ್ಬಳ್ಳಿ, ಗೋವಾ, ಬೆಂಗಳೂರಿಗೆ ಹೋದರು. ತೋಟಿಗರ ಮಕ್ಕಳೂ ಹೋದರು. ಕೊನೆಗೌಡ ಬರ್ತೇನೆ ಅಂದ ದಿನವೇ ಕೊನೆ ಕೊಯ್ಲು. ದರಕು ಗುಡಿಸೋದಕ್ಕೆ ಆಳಿಲ್ಲ, ದನ ಕಡಿಮೆ, ಸರ್ಕಾರಿ ಗೊಬ್ಬರದ ಚೀಲ ಗೇಟಿನವರೆಗೆ ಬರ್ತದೆ. "ಆಳು ಸೋಮಾರಿಯಾದ" ಅನ್ನೋ ಮಾತು ಮದುವೆಮನೆಯಲ್ಲಿ ಕೇಳ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಹಳೆಯ ಸಾವಯವ ಅಗ್ಗವಾಗಿದ್ದದ್ದು ಸೊಪ್ಪು ಪುಕ್ಕಟೆ ಸಿಕ್ಕಿದ್ದಕ್ಕಷ್ಟೇ ಅಲ್ಲ, ಹೊತ್ತವರ ಕೂಲಿಯೂ ಪುಕ್ಕಟೆಯ ಹತ್ತಿರ ಇದ್ದದ್ದಕ್ಕೆ. ಸಾವಯವ ಮೆಣಸಿಗೆ, ಅರಿಶಿನಕ್ಕೆ ಹೆಚ್ಚು ದರ ಕೊಡೋ ಗಿರಾಕಿ ಈಗ ಇದ್ದಾನೆ. ಆ ಹೆಚ್ಚಿನ ದರದಲ್ಲಿ ದರಕು ಗುಡಿಸಿದವಳ ಪಾಲು ಎಷ್ಟು ಅನ್ನೋ ಲೆಕ್ಕ ಪ್ರಮಾಣಪತ್ರದಲ್ಲಿ ಕಾಣೋದಿಲ್ಲ.

ನಿಮ್ಮ ಮನೆ ಅಟ್ಟದ ಮೇಲೆ ಹಳೆಯ ಆಳುಲೆಕ್ಕದ ಪುಸ್ತಕ ಇದ್ದರೆ ಒಮ್ಮೆ ತೆಗೆದು ನೋಡಿ. ಸೊಪ್ಪಿನ ಹೊರೆಗೆ ಎಷ್ಟು ಭತ್ತ, ಎಷ್ಟು ಆಣೆ ಅಂತ ಬರೆದಿರಬಹುದು. ಸಿಕ್ಕಿದರೆ ನಮಗೆ ತಿಳಿಸಿ, ಮುಂದೊಂದು ಸಂಚಿಕೆಯಲ್ಲಿ ಓದೋಣ.