ಮೈಸೂರಿಗೆ ಬಂದ ಮ್ಯಾಕರೋನಿ

ಮ್ಯಾಕರೋನಿಯನ್ನು ಬೇಯಿಸಿ, ಹಾಲು ಚೀಸುಗಳ ಗಟ್ಟಿ ರಸದಲ್ಲಿ ಕಲಸಿ, ಓವನ್ನಿನಲ್ಲಿಟ್ಟು ಮೇಲ್ಭಾಗ ಕೆಂಪಗಾಗುವವರೆಗೆ ಸುಡುವ ಅಡುಗೆ ಈಗ ಮೈಸೂರಿನ ಮನೆಗಳಲ್ಲಿ ಅಪರೂಪವಾಗಿ ಉಳಿದಿಲ್ಲ. ನಮ್ಮ ಮನೆಯಲ್ಲಿಯೂ ಮೊಮ್ಮಕ್ಕಳು ರಜಕ್ಕೆ ಬಂದಾಗ ಅದರ ಪ್ರಯೋಗ ನಡೆಯುತ್ತದೆ. ಇಂಥ ತಿನಿಸಿನ ವಿಚಾರವಾಗಿ ಕನ್ನಡ ಅಧ್ಯಾಪಕನೊಬ್ಬನಿಗೆ ಹೇಳಲು ಏನಿದ್ದೀತು ಎಂದು ಕೇಳುಗರು ಹುಬ್ಬೇರಿಸಬಹುದು. ಆದರೆ ಈ ತಿನಿಸಿನ ಮುಖ್ಯ ಪದಾರ್ಥಕ್ಕೆ ನಮ್ಮ ಊರಿನಲ್ಲಿಯೇ ಒಂದು ಚರಿತ್ರೆಯುಂಟು. ಆ ಚರಿತ್ರೆಗೆ ಬರುವ ಮುನ್ನ ನಮ್ಮ ಹಳೆಯ ಪುಸ್ತಕಗಳ ಕಡೆ ಒಂದು ನೋಟ ಹರಿಸುವುದು ಒಳ್ಳೆಯದು.

ಈ ಅಡುಗೆಗೆ ಬೇಕಾದವು ಮೂರು: ಹೊಸೆದು ಒಣಗಿಸಿದ ಹಿಟ್ಟು, ಗಟ್ಟಿಗಟ್ಟಿಸಿದ ಹಾಲು, ಮೇಲಿನಿಂದಲೂ ಕೆಳಗಿನಿಂದಲೂ ತಾಗುವ ಕಾವು. ಮೂರೂ ಕನ್ನಡ ನಾಡಿಗೆ ಹೊಸವಲ್ಲ. ಶಾವಿಗೆ ನಮ್ಮದೇ. ಬಿಜಾಪುರ ಧಾರವಾಡಗಳ ಕಡೆ ಗೋಧಿಯ ಎಳೆಗಳನ್ನು ಹೊಸೆದು ಬಿಸಿಲಿಗೆ ಹರವುತ್ತಾರೆ. ನಮ್ಮ ಮೈಸೂರು ಸೀಮೆಯಲ್ಲಿ ಅಕ್ಕಿಹಿಟ್ಟಿನ ಉಂಡೆಯನ್ನು ಬೇಯಿಸಿ ಒರಳಿನಲ್ಲಿ ಒತ್ತುತ್ತಾರೆ. ಮ್ಯಾಕರೋನಿಯೆಂದರೆ ನಡುವೆ ತೂತುಳ್ಳ ಶಾವಿಗೆ ಎನ್ನಲು ಅಡ್ಡಿಯಿಲ್ಲ. ಇನ್ನು ಹಾಲು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಕಾದ ಹಾಲಿಗೆ ಹುಳಿ ಹಿಂಡಿ ಒಡೆಸಿ, ಆ ಗಸಿಯಿಂದ ಸಿಹಿ ಮಾಡುವ ಕ್ರಮ ಬಂದಿದೆ. ಹಾಲು ಒಡೆದರೆ ಅಪಶಕುನವೆಂದು ಮುಖ ಸಿಂಡರಿಸುವ ನಮ್ಮ ಅಜ್ಜಿಯರಿಗೆ ಅರಮನೆಯ ಈ ಸಮಾಚಾರ ತಲುಪಿರಲಿಲ್ಲವೆಂದು ಕಾಣುತ್ತದೆ. ಕೆಲವರು ಚೀಸನ್ನು ಕನ್ನಡದಲ್ಲಿ ‘ಗಿಣ್ಣು’ ಎಂದು ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗಿಣ್ಣು ಈದ ಹಸುವಿನ ಮೊದಲ ಹಾಲಿನದು. ಅದನ್ನು ತಿಂದವರಾರೂ ಈ ಪದವನ್ನು ಇನ್ನೊಂದು ವಸ್ತುವಿಗೆ ಸುಲಭವಾಗಿ ಬಿಟ್ಟುಕೊಡಲಾರರು.

ಮೂರನೆಯದು ಕಾವು. ಹುಣಸೂರಿನ ಕಡೆಯ ಕಲ್ಲಹಳ್ಳಿಯ ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಕವಿ. ಜೈನ ಕಾವ್ಯಗಳನ್ನು ಬರೆದ ಆತನೇ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ. ಅಡುಗೆಯನ್ನು ಷಟ್ಪದಿಗೆ ಹೊಂದಿಸುವುದು ಸಾಮಾನ್ಯ ಸಾಹಸವಲ್ಲ. ನಮ್ಮ ಸಾಹಿತ್ಯ ಚರಿತ್ರೆಗಳು ಅದಕ್ಕೆ ಒಂದೆರಡು ಸಾಲುಗಳಲ್ಲಿ ಶಾಸ್ತ್ರ ಮುಗಿಸುವುದು ಅನ್ಯಾಯವೇ ಸರಿ. ಅದರಲ್ಲಿ ‘ಮುಚ್ಚಳ ರೊಟ್ಟಿ’ ಎಂಬುದೊಂದಿದೆ. ಎರಡು ಹಂಚುಗಳ ನಡುವೆ ಹಿಟ್ಟನ್ನಿಟ್ಟು, ಕೆಳಗೂ ಮೇಲೂ ಕೆಂಡವೊಡ್ಡಿ ಸುಡುವ ರೊಟ್ಟಿ ಅದು. ಓವನ್ನು ಮಾಡುವ ಕೆಲಸವೂ ಇಷ್ಟೇ ಅಲ್ಲವೆ? ಸಾಮಗ್ರಿಯೂ ಇತ್ತು, ವಿದ್ಯೆಯೂ ಇತ್ತು. ಮೂರೂ ಒಂದು ಪಾತ್ರೆಯಲ್ಲಿ ಸೇರಲಿಲ್ಲ, ಅಷ್ಟೆ.

ಅವು ಸೇರಿದ ನಾಡುಗಳಲ್ಲಿ ಈ ತಿನಿಸು ನಡೆದ ದಾರಿ ಕುತೂಹಲಕರವಾಗಿದೆ. ಇಂಗ್ಲೆಂಡಿನ ಎಲಿಜಬೆತ್ ರಾಫಾಲ್ಡ್ ಎಂಬಾಕೆ 1769ರಲ್ಲಿ ಅಚ್ಚು ಮಾಡಿಸಿದ ಪಾಕಪುಸ್ತಕದಲ್ಲಿ ಮ್ಯಾಕರೋನಿಯನ್ನು ಪಾರ್ಮೆಸಾನ್ ಚೀಸಿನೊಡನೆ ಸಿದ್ಧಪಡಿಸುವ ವಿಧಾನವಿದೆ. ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ 1802ರಲ್ಲಿ ತನ್ನ ಔತಣವೊಂದರಲ್ಲಿ ಮ್ಯಾಕರೋನಿಯ ಕಡುಬನ್ನು ಬಡಿಸಿದ. ಅತಿಥಿಯಾಗಿದ್ದ ಮೆನಾಸೆ ಕಟ್ಲರ್ ಎಂಬ ಪಾದ್ರಿಗೆ ಅದು ರುಚಿಸಲಿಲ್ಲವೆಂಬುದು ಆತನ ಬರಹದಿಂದಲೇ ತಿಳಿಯುತ್ತದೆ. ಜೆಫರ್ಸನ್ನನ ಮನೆಗೆ ಫ್ರೆಂಚ್ ಪಾಕಕ್ರಮವನ್ನು ತಂದವನು ಜೇಮ್ಸ್ ಹೆಮಿಂಗ್ಸ್. ಪ್ಯಾರಿಸ್ಸಿನಲ್ಲಿ ಅಡುಗೆ ಕಲಿತವನು, ಜೆಫರ್ಸನ್ನನ ಗುಲಾಮ. 1796ರಲ್ಲಿ ಬಿಡುಗಡೆ ಪಡೆದ. ಅಲ್ಲಿಂದ ಮುಂದೆ ಆ ತಿನಿಸು ದೊರೆಗಳ ಮೇಜಿನಿಂದ ಕೆಳಗಿಳಿಯುತ್ತ ಹೋಯಿತು. 1937ರಲ್ಲಿ, ಅಮೆರಿಕ ಆರ್ಥಿಕ ಮುಗ್ಗಟ್ಟಿನಲ್ಲಿದ್ದಾಗ, ಕ್ರಾಫ್ಟ್ ಕಂಪನಿ ಅದನ್ನು ಪೊಟ್ಟಣದಲ್ಲಿ ತುಂಬಿ ಮಾರಿತು: 19 ಸೆಂಟಿಗೆ ನಾಲ್ವರ ಊಟ.

ನಮ್ಮಲ್ಲಿ ಆದದ್ದು ಇದರ ತಿರುವುಮುರುವು. 1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಇಂದು ಊರಿಗೆಲ್ಲ ಸಿ.ಎಫ್.ಟಿ.ಆರ್.ಐ. ಎಂದು ಪರಿಚಿತವಾದ ಸಂಸ್ಥೆ, ಆರಂಭವಾಯಿತು. ರಾಜಕುಮಾರಿಗೆಂದು ಕಟ್ಟಿದ ಅರಮನೆ ಹಸಿವಿನ ಪ್ರಯೋಗಶಾಲೆಯಾಯಿತು. ಬಂಗಾಳದ 1943ರ ಕ್ಷಾಮ ಇನ್ನೂ ಜನರ ನೆನಪಿನಲ್ಲಿತ್ತು, ಪಡಿತರದ ಚೀಟಿ ಮನೆಮನೆಯಲ್ಲಿತ್ತು, ಅಕ್ಕಿ ಸಾಲುತ್ತಿರಲಿಲ್ಲ. ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಸಹೋದ್ಯೋಗಿಗಳು ಹಿಡಿದ ಕೆಲಸಗಳಲ್ಲಿ ಒಂದು, ಅಕ್ಕಿಗೆ ಬದಲಾಗಬಲ್ಲ ಧಾನ್ಯವನ್ನು ಯಂತ್ರದಲ್ಲಿ ಹುಟ್ಟಿಸುವುದು. ಮರಗೆಣಸಿನ ಹಿಟ್ಟಿಗೆ ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟನ್ನು ಬೆರೆಸಿ, ಮ್ಯಾಕರೋನಿಯ ಒತ್ತುಯಂತ್ರಕ್ಕೆ ಹಾಕಿ, ಅಕ್ಕಿಕಾಳಿನಷ್ಟು ಸಣ್ಣಗೆ ಕತ್ತರಿಸಿ ಒಣಗಿಸಿದರು. ಗೋಧಿರವೆಯನ್ನೂ ಕೂಡಿಸಿ ಮಾಡಿದ್ದಕ್ಕೆ ಮರಗೆಣಸಿನ ಮ್ಯಾಕರೋನಿ ಎಂದೇ ಹೆಸರಾಯಿತು.

ಇದರ ಹಿಂದಿನ ಲೆಕ್ಕಾಚಾರವನ್ನು ಹಗುರವಾಗಿ ಕಾಣಬಾರದು. ಮರಗೆಣಸು ಹೊಟ್ಟೆ ತುಂಬಿಸುತ್ತದೆ, ಮೈ ಬೆಳೆಸುವುದಿಲ್ಲ; ಅದರಲ್ಲಿ ಪಿಷ್ಟವೇ ಎಲ್ಲ, ಸಸಾರಜನಕ ಅಕ್ಕಿಯಲ್ಲಿರುವಷ್ಟೂ ಇಲ್ಲ. ಆ ಕೊರತೆಯನ್ನು ಕಡಲೆಕಾಯಿ ನೀಗುತ್ತದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ದನಕ್ಕೂ ಗೊಬ್ಬರಕ್ಕೂ ಹೋಗುತ್ತಿದ್ದ ಕಾಲ ಅದು. ವಿಜ್ಞಾನಿಗಳು ಹೊಸ ಆಹಾರವನ್ನು ಮೊದಲು ಇಲಿಗಳಿಗೂ ಆಮೇಲೆ ಮಕ್ಕಳಿಗೂ ಉಣಿಸಿ ಬೆಳವಣಿಗೆಯನ್ನು ಅಳೆದರು. ಕೃತಕ ಅಕ್ಕಿಯ ಸುದ್ದಿ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿಯೂ ಪ್ರಕಟವಾಯಿತು. ಮೈಸೂರಿನ ಅರಮನೆಯೊಂದರಿಂದ ಹೊರಟ ಈ ಸಣ್ಣ ಕಾಳು ಲಂಡನ್ನಿನ ವಿದ್ವತ್ಪತ್ರಿಕೆಯವರೆಗೆ ಹೋಯಿತು. ಜನರ ಎಲೆಯ ಮೇಲೆ ಮಾತ್ರ ನಿಲ್ಲಲಿಲ್ಲ.

ಏಕೆ ನಿಲ್ಲಲಿಲ್ಲ? ರುಚಿ ಒಂದು ಕಾರಣವಿದ್ದೀತು. ಆದರೆ ಅದೊಂದೇ ಎಂದು ನಾನು ನಂಬುವುದಿಲ್ಲ. ಕೇರಳದವರು ಮರಗೆಣಸನ್ನು ಮರಗೆಣಸೆಂದೇ ಬೇಯಿಸಿ ಮೀನಿನ ಸಾರಿನೊಡನೆ ಸಂತೋಷವಾಗಿ ಉಣ್ಣುತ್ತಾರೆ. ನಮ್ಮ ಹಳ್ಳಿಯವರು ರಾಗಿಯನ್ನು ಮುದ್ದೆಯೆಂದೇ ಗೌರವಿಸುತ್ತಾರೆ. ಗೆಡ್ಡೆ ಅಕ್ಕಿಯ ವೇಷ ಹಾಕಿ ಬಂದದ್ದೇ ತೊಡಕಾಯಿತು. ಹಬ್ಬಕ್ಕೊಮ್ಮೆ ಅನ್ನ ಕಾಣುತ್ತಿದ್ದ ಮನೆಗೆ ಅನ್ನದಂಥದನ್ನು ಕೊಟ್ಟರೆ, ‘ನಿಮಗೆ ಇಷ್ಟು ಸಾಕು’ ಎಂದು ಹೇಳಿದಂತೆಯೇ ಕೇಳಿಸುತ್ತದೆ. ವಿಜ್ಞಾನಿಗಳ ಮನಸ್ಸಿನಲ್ಲಿ ಅಂಥ ತಾತ್ಸಾರವಿರಲಿಲ್ಲ. ಆದರೆ ಬಡಿಸಿಕೊಳ್ಳುವವನಿಗೆ ಬಡಿಸುವವನ ಮನಸ್ಸು ಕಾಣುವುದಿಲ್ಲ, ಸೌಟಿನಲ್ಲಿರುವುದು ಕಾಣುತ್ತದೆ.

ನಾನು ಹಳ್ಳಿಯ ಶಾಲೆಯಲ್ಲಿ ಓದುತ್ತಿದ್ದಾಗ ಮಧ್ಯಾಹ್ನ ಅಮೆರಿಕದಿಂದ ಬಂದ ಗೋಧಿನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ರುಚಿಯಾಗಿಯೇ ಇರುತ್ತಿತ್ತು; ಆ ವಾಸನೆ ಈಗಲೂ ನೆನಪಿದೆ. ಆದರೂ ಉಳ್ಳವರ ಮಕ್ಕಳು ತಟ್ಟೆ ಹಿಡಿದು ಆ ಸಾಲಿಗೆ ಬರುತ್ತಿರಲಿಲ್ಲ, ದೂರದಿಂದ ನೋಡುತ್ತಿದ್ದರು. ಅವರಿಗೂ ಆಸೆಯಿತ್ತೆಂದು ನಮಗೆ ಗೊತ್ತಿತ್ತು. ಅದೇ ಗೋಧಿನುಚ್ಚು ಈಗ ಆರೋಗ್ಯದ ಆಹಾರವೆಂಬ ಬಿರುದು ಧರಿಸಿ ದೊಡ್ಡ ಅಂಗಡಿಗಳಲ್ಲಿ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿದೆ. ಕೊಳ್ಳುವವರು ಆ ಸಾಲಿಗೆ ಬಾರದವರ ಮೊಮ್ಮಕ್ಕಳು. ಮ್ಯಾಕರೋನಿಯೂ ಹೀಗೆಯೇ ಎರಡನೆಯ ಸಲ ಬಂತು. ಈ ಸಲ ಅದು ಯಾವುದಕ್ಕೂ ಬದಲಿಯಾಗಿ ಬರಲಿಲ್ಲ. ತನ್ನ ಹೆಸರಿನಲ್ಲಿ ಬಂತು, ದುಡ್ಡು ಕೊಟ್ಟು ತಂದೆವು.

ಇನ್ನು ಮಾಡುವ ಬಗೆ. ಮ್ಯಾಕರೋನಿಯನ್ನು ಪೂರ್ತಿ ಬೇಯಿಸಬಾರದು, ಓವನ್ನಿನಲ್ಲಿ ಮತ್ತೆ ಬೇಯುವುದರಿಂದ ಕಾಳಿನ ನಡುವೆ ಸ್ವಲ್ಪ ಬಿರುಸು ಉಳಿದಿರಬೇಕು. ಬೆಣ್ಣೆಯಲ್ಲಿ ಮೈದಾಹಿಟ್ಟನ್ನು ಹಸಿವಾಸನೆ ಹೋಗುವಂತೆ ಹುರಿದು, ಹಾಲನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಕುದಿಸಬೇಕು. ಚೀಸಿನ ತುರಿ ಬೀಳುವುದು ಒಲೆಯಿಂದ ಇಳಿಸಿದ ಮೇಲೆ. ಕಾವು ಹೆಚ್ಚಾದರೆ ಚೀಸಿನ ಜಿಡ್ಡು ಬೇರೆಯಾಗಿ, ಉಳಿದದ್ದು ಗಂಟುಗಟ್ಟುತ್ತದೆ. ಮೈದಾದ ಪಿಷ್ಟ ಅದನ್ನು ತಡೆದು ಹಿಡಿಯುತ್ತದೆ. ಒಡೆಯುವ ಹಾಲಿಗೆ ಹೆದರಿದ ನಮ್ಮ ಹಿರಿಯರಿಗೆ ಈ ಉಪಾಯ ಮೆಚ್ಚುಗೆಯಾಗುತ್ತಿತ್ತು. ಚೀಸಿನ ಹೆಪ್ಪು ಕರುವಿನ ಜಠರದ್ದೋ ಎಂಬ ಸಂಕೋಚವುಳ್ಳವರು ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿಕೊಂಡರೆ ಸಾಕು. ನಮ್ಮ ಮನೆಯಲ್ಲಿ ಮೇಲೆ ಉದುರಿಸಲು ರಸ್ಕನ್ನು ಪುಡಿ ಮಾಡಿಕೊಳ್ಳುತ್ತಾರೆ, ಮೆಣಸಿನಪುಡಿಯ ವಿಷಯದಲ್ಲಿ ಕೈ ಧಾರಾಳ. ಓವನ್ನಿನಲ್ಲಿ 180 ಡಿಗ್ರಿಯ ಕಾವಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಓವನ್ನಿಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಅದರ ಮೇಲೆ ಬಟ್ಟಲನ್ನಿಟ್ಟು ಮುಚ್ಚಿ ಬೇಯಿಸಬಹುದು. ಆದರೆ ಮೇಲ್ಭಾಗ ಕೆಂಪಗಾಗಬೇಕಾದರೆ ಮಂಗರಸನ ಕ್ರಮವೇ ಸರಿ, ಮುಚ್ಚಳದ ಮೇಲೂ ಕೆಂಡ ಬೇಕು.