ಐದನೇ ಜಾರ್ಜ್ ಮತ್ತು ಎರಡನೇ ನಿಕೊಲಸ್: ರೂಪಸಾಮ್ಯ

ಬ್ರಿಟನ್ನಿನ ದೊರೆ ಐದನೇ ಜಾರ್ಜ್ (1865–1936) ಹಾಗೂ ರಷ್ಯಾದ ಕೊನೆಯ ಚಕ್ರವರ್ತಿ ಎರಡನೇ ನಿಕೊಲಸ್ (1868–1918) ಇವರ ನಡುವಣ ಅಚ್ಚರಿಯ ಹೋಲಿಕೆ. ತಾಯಂದಿರಾದ ಅಲೆಕ್ಸಾಂಡ್ರಾ ಮತ್ತು ಡಾಗ್ಮಾರ್ ಡೆನ್ಮಾರ್ಕಿನ ದೊರೆ ಒಂಬತ್ತನೇ ಕ್ರಿಶ್ಚಿಯನ್ನನ ಮಕ್ಕಳು. ಅಕ್ಕತಂಗಿಯರ ಮಕ್ಕಳಾದ್ದರಿಂದ ನಮ್ಮ ನಂಟಿನ ಲೆಕ್ಕದಲ್ಲಿ ಇವರು ಅಣ್ಣತಮ್ಮಂದಿರೇ.

1893ರ ಜುಲೈನಲ್ಲಿ ಲಂಡನ್ನಿನಲ್ಲಿ ನಡೆದ ಜಾರ್ಜ್ ಮದುವೆಗೆ ನಿಕೊಲಸ್ ಬಂದಾಗ ತಮಾಷೆಯೇ ನಡೆಯಿತು. ಕೆಲವು ಅತಿಥಿಗಳು ಅವರನ್ನೇ ಮದುಮಗನೆಂದು ಭಾವಿಸಿ ಶುಭ ಹಾರೈಸಿದರು. ಒಂದೇ ಬಗೆಯಲ್ಲಿ ಕತ್ತರಿಸಿದ ಗಡ್ಡಮೀಸೆ ಈ ಗೊಂದಲವನ್ನು ಹೆಚ್ಚಿಸಿತ್ತು, ನಿಜ. ಆದರೆ ಕಣ್ಣು, ಹಣೆಗಳಲ್ಲೂ ಸಾಮ್ಯ ಎದ್ದು ಕಾಣುತ್ತದೆ. ಜಾರ್ಜ್‌ಗೆ ತಂದೆಯ ಕಡೆಯಿಂದ ಸಂಬಂಧಿಯಾದ ಜರ್ಮನಿಯ ಕೈಸರ್ ಎರಡನೇ ವಿಲ್‌ಹೆಲ್ಮ್‌ನಲ್ಲಿ ಈ ಚಹರೆ ಇಲ್ಲ. ಹಾಗಾಗಿ ಇದು ಡೇನಿಷ್ ತಾಯಂದಿರಿಂದ ಬಂದ ಮುಖವೆನ್ನುವುದೇ ಹೆಚ್ಚು ಸರಿ.

1913ರ ಮೇ ತಿಂಗಳಲ್ಲಿ ಕೈಸರ್ ಮಗಳ ಮದುವೆಗೆ ಬರ್ಲಿನ್ನಿಗೆ ಹೋದ ಇಬ್ಬರೂ ಜರ್ಮನ್ ಸೇನಾ ಸಮವಸ್ತ್ರ ತೊಟ್ಟು ಜೊತೆಯಾಗಿ ನಿಂತ ಛಾಯಾಚಿತ್ರಗಳು ಈ ಹೋಲಿಕೆಗೆ ಅತ್ಯುತ್ತಮ ಸಾಕ್ಷ್ಯ. ಅದೇ ಅವರ ಕೊನೆಯ ಭೇಟಿ.